ಔಷಧಿ ಅಣಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ಮಲೆನಾಡಿನಲ್ಲಿ, ಅಡಿಕೆ ತೋಟದ ಮಧ್ಯೆ. ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ನೋಡಲು ಬಂದ ನೆಂಟರಲ್ಲಿ ಅರ್ಧ ಜನ ಅಣಬೆ ಕ್ಯಾಪ್ಸೂಲಿನ ಮಾತು ತೆಗೆದರು. ಆಗಿನಿಂದ ಈ ವಿಷಯ ಓದುತ್ತಾ ಬಂದಿದ್ದೇನೆ. ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮ, ಊರಿನವರು ನನ್ನ ಹತ್ತಿರ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಅಣಬೆಯಲ್ಲಿ ನಿಜವಾಗಿಯೂ ಔಷಧ ಇದೆಯಾ, ಇಲ್ಲ ಸುಮ್ನೆ ಹೇಳುತ್ತಾರಾ?

ಇದೆ. ಇದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು.

1951ರಲ್ಲಿ ಒಂದು ಅಣಬೆಯಿಂದ ಪ್ಲೂರೊಮ್ಯುಟಿಲಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯಾಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಅದನ್ನು ಸ್ವಲ್ಪ ಬದಲಿಸಿ ಮಾಡಿದ ಟಿಯಾಮುಲಿನ್ ಎಂಬ ಔಷಧ ಕೋಳಿ ಸಾಕುವವರಿಗೆ ಪರಿಚಯ ಇರುತ್ತದೆ. ಅದೇ ಕುಟುಂಬದ ಲೆಫಾಮುಲಿನ್ ಅನ್ನು ಮನುಷ್ಯರ ನ್ಯುಮೋನಿಯಾಕ್ಕೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಅಣಬೆಯಿಂದ ಆ ಮಾತ್ರೆಯವರೆಗೆ 68 ವರ್ಷ.

ಅಣಬೆಯ ಬಳಗ ದೊಡ್ಡದು. ಬೂಷ್ಟು, ಹುಳುಗಳ ಮೈಮೇಲೆ ಬೆಳೆಯುವ ಶಿಲೀಂಧ್ರ, ಎಲ್ಲ ಅದೇ ಬಳಗ. ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಸೈಕ್ಲೋಸ್ಪೊರಿನ್ ಸಿಕ್ಕಿದ್ದು ನಾರ್ವೆ ದೇಶದ ಹಾರ್ಡಂಗರ್‌ವಿಡ್ಡಾ ಎಂಬ ಎತ್ತರದ ಬಯಲಿನ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಲ್ಲಿ. ಅದರ ಇನ್ನೊಂದು ಅವಸ್ಥೆ ಜೀರುಂಡೆಯ ಮರಿಹುಳುವಿನ ಮೇಲೆ ಬೆಳೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಕಥೆಯೂ ಹೀಗೆಯೇ. ಜಪಾನಿನ ಅಕಿರಾ ಎಂಡೊ ಸುಮಾರು 6,000 ಶಿಲೀಂಧ್ರಗಳನ್ನು ಪರೀಕ್ಷೆ ಮಾಡಿ, ಅಕ್ಕಿಯಲ್ಲಿ ಸಿಕ್ಕ ಒಂದು ನೀಲಿ ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು.

ಈ ಎಲ್ಲದರಲ್ಲೂ ಒಂದು ದಾರಿ ಕಾಣುತ್ತದೆ. ಒಂದು ವಸ್ತುವನ್ನು ಬೇರೆ ಮಾಡಿದರು, ಅಳತೆ ಮಾಡಿದರು, ಮೊದಲು ಪ್ರಾಣಿಗಳಲ್ಲಿ, ಆಮೇಲೆ ಸಾವಿರಾರು ಜನರಲ್ಲಿ ಪರೀಕ್ಷಿಸಿದರು. ಯಾವುದಾದರೂ ಅಣಬೆಯ ಬಗ್ಗೆ ಯಾರಾದರೂ ಹೇಳಿದಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಇದು ಈ ದಾರಿಯಲ್ಲಿ ಎಲ್ಲಿಯವರೆಗೆ ಬಂದಿದೆ?

ಬೀಟಾ-ಗ್ಲೂಕನ್ ಅಂತ ಎಲ್ಲ ಡಬ್ಬಿಯ ಮೇಲೂ ಬರೆದಿರುತ್ತದೆ. ಹಾಗಂದರೇನು?

ಅಣಬೆಯ ಜೀವಕೋಶಕ್ಕೆ ಒಂದು ಗೋಡೆ ಇದೆ. ಆ ಗೋಡೆಯ ಇಟ್ಟಿಗೆಗಳಲ್ಲಿ ಒಂದು ಬೀಟಾ-ಗ್ಲೂಕನ್. ಗ್ಲೂಕೋಸ್ ಕಣಗಳನ್ನು ಮಾಲೆಯಂತೆ ಪೋಣಿಸಿದ ಉದ್ದ ಸರಪಳಿ ಅದು. ಅಕ್ಕಿಯ ಪಿಷ್ಟವೂ ಗ್ಲೂಕೋಸ್ ಮಾಲೆಯೇ. ಆದರೆ ಪೋಣಿಸಿದ ರೀತಿ ಬೇರೆ. ಹಾಗಾಗಿ ಅನ್ನ ನಮ್ಮ ಹೊಟ್ಟೆಯಲ್ಲಿ ಕರಗುತ್ತದೆ, ಬೀಟಾ-ಗ್ಲೂಕನ್ ಕರಗುವುದಿಲ್ಲ.

ನಮ್ಮ ಮೈಯಲ್ಲಿ ಎಲ್ಲಿಯೂ ಈ ವಸ್ತು ಇಲ್ಲ. ಆದ್ದರಿಂದ ಇದು ಒಳಗೆ ಕಂಡರೆ, ಯಾವುದೋ ಶಿಲೀಂಧ್ರ ನುಗ್ಗಿದೆ ಅಂತ ನಮ್ಮ ಬಿಳಿ ರಕ್ತಕಣಗಳು ತಿಳಿಯುತ್ತವೆ. ಅವುಗಳ ಮೈಮೇಲೆ ಡೆಕ್ಟಿನ್-1 ಎಂಬ ಒಂದು ಕೊಂಡಿ ಇದೆ. ಬೀಟಾ-ಗ್ಲೂಕನ್ ಹಿಡಿಯುವುದೇ ಆ ಕೊಂಡಿಯ ಕೆಲಸ ಅಂತ ತಿಳಿದದ್ದು 2001ರಲ್ಲಿ. ಸಿಕ್ಕಿದ ಕೂಡಲೇ ಆ ಕಣಗಳು ಎಚ್ಚರಗೊಂಡು ಬೇರೆ ಕಣಗಳನ್ನೂ ಕರೆಯುತ್ತವೆ. ಅಣಬೆ ಇಮ್ಯುನಿಟಿ ಹೆಚ್ಚಿಸುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಗಾಜಿನ ತಟ್ಟೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇಲಿಯಲ್ಲೂ ಕಾಣುತ್ತದೆ. ಆದರೆ ಬಿಳಿ ರಕ್ತಕಣ ಎಚ್ಚರಗೊಳ್ಳುವುದು ಬೇರೆ, ಒಬ್ಬ ಮನುಷ್ಯನ ಕಾಯಿಲೆ ವಾಸಿಯಾಗುವುದು ಬೇರೆ. ರೋಗನಿರೋಧಕ ಶಕ್ತಿ ಅನ್ನುವುದು ರೇಡಿಯೊ ವಾಲ್ಯೂಮ್ ತರಹ ಜಾಸ್ತಿ ಮಾಡಿದಷ್ಟೂ ಒಳ್ಳೆಯದಾಗುವ ಸಂಗತಿ ಅಲ್ಲ. ಸಂಧಿವಾತ, ಲೂಪಸ್ ಇರುವವರಿಗೆ ಕಷ್ಟ ಕೊಡುತ್ತಿರುವುದೇ ಅತಿಯಾಗಿ ಎಚ್ಚರಗೊಂಡ ಇಮ್ಯುನಿಟಿ.

ಓಟ್ಸ್‌ನಲ್ಲೂ ಬೀಟಾ-ಗ್ಲೂಕನ್ ಇದೆಯಲ್ಲ?

ಇದೆ, ಆದರೆ ಗ್ಲೂಕೋಸ್ ಪೋಣಿಸಿದ ರೀತಿ ಬೇರೆ. ಓಟ್ಸ್ ಮತ್ತು ಬಾರ್ಲಿಯದು ಹೊಟ್ಟೆಯಲ್ಲಿ ಅಂಟಂಟಾಗಿ ಕೊಲೆಸ್ಟರಾಲ್ ಸ್ವಲ್ಪ ಇಳಿಸುತ್ತದೆ. ದಿನಕ್ಕೆ 3 ಗ್ರಾಂ ಬೇಕು. ಇದಕ್ಕೆ ಗಟ್ಟಿ ಪುರಾವೆ ಇದೆ. ಆ ಪುರಾವೆಯನ್ನು ಅಣಬೆ ಕ್ಯಾಪ್ಸೂಲ್ ಮಾರಲು ಬಳಸಿದರೆ ನಂಬಬೇಡಿ.

ಜಪಾನಿನಲ್ಲಿ ಕ್ಯಾನ್ಸರ್‌ಗೆ ಅಣಬೆ ಔಷಧವನ್ನೇ ಕೊಡುತ್ತಾರಂತೆ. ನಿಜವಾ?

ಇದರಲ್ಲಿ ನಿಜ ಇದೆ, ಹಿಂದೆ ಕೊಡುತ್ತಿದ್ದರು. ಆದ್ದರಿಂದಲೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಗೊರೊ ಚಿಹಾರಾ ಮತ್ತು ಅವರ ಜೊತೆಗಾರರು ಶಿಟಾಕೆ ಅಣಬೆಯಿಂದ ಒಂದು ಬೀಟಾ-ಗ್ಲೂಕನ್ ತೆಗೆದರು. ಅದಕ್ಕೆ ಲೆಂಟಿನಾನ್ ಅಂತ ಹೆಸರಿಟ್ಟರು. ಇಲಿಗಳಿಗೆ ಚುಚ್ಚಿದಾಗ ಗಡ್ಡೆ ಕುಗ್ಗಿತು. ಈ ಸುದ್ದಿ 1969ರಲ್ಲಿ ಪ್ರಕಟವಾಯಿತು. 1985ರಲ್ಲಿ ಜಪಾನ್ ಸರ್ಕಾರ ಹೊಟ್ಟೆಯ ಕ್ಯಾನ್ಸರ್‌ಗೆ ಕಿಮೊ ಜೊತೆ ಕೊಡಲು ಒಪ್ಪಿಗೆ ಕೊಟ್ಟಿತು. ಕೊಡುತ್ತಿದ್ದದ್ದು ರಕ್ತನಾಳಕ್ಕೆ ಇಂಜೆಕ್ಷನ್ ಮೂಲಕ. ಪ್ರಮಾಣ ವಾರಕ್ಕೆ ಬರೀ 2 ಮಿಲಿಗ್ರಾಂ.

ಎರಡನೆಯದು ಪಿಎಸ್‌ಕೆ. ಮಾರುಕಟ್ಟೆಯ ಹೆಸರು ಕ್ರೆಸ್ಟಿನ್. ಇದು ಟರ್ಕಿ ಟೇಲ್ ಅಂತ ಕರೆಯುವ ಅಣಬೆಯದು. ಸತ್ತ ಮರದ ಕೊರಡಿನ ಮೇಲೆ ಬಣ್ಣ ಬಣ್ಣದ ಪಟ್ಟೆಯ ಬೀಸಣಿಗೆ ಥರ ಬೆಳೆಯುತ್ತದೆ. ಜಪಾನಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಇದನ್ನು ಬಾಯಲ್ಲಿ ತೆಗೆದುಕೊಳ್ಳುತ್ತಿದ್ದರು, ದಿನಕ್ಕೆ 3 ಗ್ರಾಂ.

ಈಗ ಪುರಾವೆಗೆ ಬರೋಣ. ಹೊಟ್ಟೆಯ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮೇಲೆ ಪಿಎಸ್‌ಕೆ ಬಗ್ಗೆ ನಡೆದ 8 ಪ್ರಯೋಗಗಳನ್ನು 2007ರಲ್ಲಿ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಒಟ್ಟು 8,009 ರೋಗಿಗಳು. ಕಿಮೊ ಮಾತ್ರ ತೆಗೆದುಕೊಂಡವರಿಗಿಂತ ಕಿಮೊ ಜೊತೆ ಪಿಎಸ್‌ಕೆ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಸುಮಾರು ನೂರಕ್ಕೆ 12ರಷ್ಟು ಕಡಿಮೆ. ಚಿಕ್ಕದಾದರೂ ಇದು ತಳ್ಳಿಹಾಕುವ ಸಂಖ್ಯೆ ಅಲ್ಲ. ಅಣಬೆ ವಸ್ತುವಿನ ಬಗ್ಗೆ ನನಗೆ ಗೊತ್ತಿರುವ ದೊಡ್ಡ ಪುರಾವೆ ಇದೇ. ಆದರೆ ಆ ರೋಗಿಗಳು ತೆಗೆದುಕೊಂಡದ್ದು ಆ ಕಾಲದ ಕಿಮೊ. ಇವತ್ತಿನ ಚಿಕಿತ್ಸೆ ಬಹಳ ಮುಂದೆ ಹೋಗಿದೆ. ಅದರ ಜೊತೆಗೂ ಇಷ್ಟೇ ಲಾಭ ಸಿಗುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ.

ಲೆಂಟಿನಾನ್‌ಗೆ ಆದದ್ದು ನೋಡಿ. ಎಸ್-1 ಎಂಬ ಹೊಸ ಕಿಮೊ ಜೊತೆಗೆ ಇದನ್ನು ಸೇರಿಸಿ 300ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷೆ ಮಾಡಿದರು. ಲೆಂಟಿನಾನ್ ಸಿಕ್ಕವರು ಹೆಚ್ಚು ದಿನ ಬದುಕಲಿಲ್ಲ. ಹಳೆಯ ಕಿಮೊ ಜೊತೆ ಭರವಸೆ ಹುಟ್ಟಿಸಿದ್ದು ಹೊಸದರ ಜೊತೆ ನಿಲ್ಲಲಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್ ಇರುವವರಿಗೆ ಕಿಮೊದ ಸುಸ್ತು, ವಾಂತಿ ಕಡಿಮೆ ಆಗಲು ಟರ್ಕಿ ಟೇಲ್ ಸಹಾಯ ಮಾಡುತ್ತದಾ ಅಂತ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2022ರಲ್ಲಿ ಪರಿಶೀಲಿಸಿತು. ಏಳು ಪ್ರಯೋಗ ಸಿಕ್ಕವು. ಗಟ್ಟಿಯಾಗಿ ಹೌದು ಅನ್ನುವಷ್ಟು ಗುಣಮಟ್ಟದ ಪುರಾವೆ ಸಿಗಲಿಲ್ಲ.

ಇನ್ನೊಂದು ವಿಷಯ ಮರೆಯಬೇಡಿ. ಜಪಾನಿನ ಈ ಪ್ರಯೋಗಗಳಲ್ಲಿ ಕಿಮೊ ಬಿಟ್ಟು ಇದನ್ನು ಕೊಡಲಿಲ್ಲ. ಆಪರೇಷನ್ ಆಯಿತು, ಕಿಮೊ ಆಯಿತು, ಅದರ ಜೊತೆಗೆ ಇದು. ನಮ್ಮೂರಿಗೆ ಬರುವಾಗ ಆ 'ಜೊತೆಗೆ' ಅನ್ನುವ ಪದ ದಾರಿಯಲ್ಲೇ ಬಿದ್ದುಹೋಗಿರುತ್ತದೆ.

ಹಾಗಾದರೆ ಮನೆಯಲ್ಲಿ ಶಿಟಾಕೆ ಸಾರು ಮಾಡಿ ಕುಡಿದರೆ ಆಗಲ್ವಾ?

ಸಾರು ರುಚಿಯಾಗಿರುತ್ತದೆ, ಕುಡಿಯಿರಿ. ಆದರೆ ಇಂಜೆಕ್ಷನ್‌ನಲ್ಲಿ ಕೊಟ್ಟ ಲೆಂಟಿನಾನ್ ಮಾಡುವ ಕೆಲಸ ಸಾರು ಮಾಡುವುದಿಲ್ಲ. ಅಷ್ಟು ದೊಡ್ಡ ಕಣ ಕರುಳಿನ ಗೋಡೆ ದಾಟಿ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ.

ಶಿಟಾಕೆಯನ್ನು ಚೆನ್ನಾಗಿ ಬೇಯಿಸಿ. ಹಸಿಯಾಗಿ ಅಥವಾ ಅರೆಬೆಂದದ್ದು ತಿಂದ ಕೆಲವರಿಗೆ ಒಂದೆರಡು ದಿನದಲ್ಲಿ ಬೆನ್ನು, ಹೊಟ್ಟೆಯ ಮೇಲೆ ಚಾಟಿಯಲ್ಲಿ ಹೊಡೆದಂತೆ ಉದ್ದುದ್ದ ಕೆಂಪು ಗೆರೆ ಏಳುತ್ತವೆ. ಜಪಾನಿನ ಚರ್ಮದ ಡಾಕ್ಟರುಗಳು ಇದನ್ನು 1977ರಲ್ಲೇ ಗುರುತಿಸಿದ್ದಾರೆ. ಅದಕ್ಕೆ ಕಾರಣ ಅದೇ ಲೆಂಟಿನಾನ್ ಅಂತ ಹೇಳುತ್ತಾರೆ.

ರೀಶಿ ಕ್ಯಾಪ್ಸೂಲ್ ತೆಗೆದುಕೊಂಡರೆ ಕ್ಯಾನ್ಸರ್ ವಾಸಿಯಾಗುತ್ತದಾ?

ಇಲ್ಲ. ವಾಸಿಯಾಗುತ್ತದೆ ಅನ್ನಲು ಪುರಾವೆ ಇಲ್ಲ.

ರೀಶಿ ಅಂದರೆ ಗ್ಯಾನೊಡರ್ಮಾ ಜಾತಿಯ ಅಣಬೆ. ಚೀನಾದವರು ಲಿಂಗ್‌ಝಿ ಅನ್ನುತ್ತಾರೆ. ಮರದಂತೆ ಗಟ್ಟಿ, ಮೇಲೆ ವಾರ್ನಿಷ್ ಹೊಡೆದ ಹಾಗೆ ಹೊಳಪು, ಬಾಯಿಗೆ ಕಹಿ. ಆ ಕಹಿ ಟ್ರೈಟರ್ಪೀನ್ ಎಂಬ ವಸ್ತುಗಳದ್ದು. ಅವುಗಳಲ್ಲಿ ಗ್ಯಾನೊಡೆರಿಕ್ ಆಮ್ಲಗಳ ಬಗ್ಗೆ ಪ್ರಯೋಗಾಲಯದಲ್ಲಿ ತುಂಬಾ ಕೆಲಸ ನಡೆದಿದೆ.

ಮನುಷ್ಯರ ಮೇಲೆ? ಕೊಕ್ರೇನ್ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 5 ಪ್ರಯೋಗ, 373 ರೋಗಿಗಳು. ಕಿಮೊ ಅಥವಾ ರೇಡಿಯೇಶನ್ ಜೊತೆ ಕೊಟ್ಟಾಗ ಸ್ವಲ್ಪ ಅನುಕೂಲದ ಸೂಚನೆ ಇತ್ತು. ರೀಶಿ ಒಂದನ್ನೇ ಕೊಟ್ಟಾಗ ಅಷ್ಟು ಅನುಕೂಲ ಕಾಣಲಿಲ್ಲ. ಮೊದಲ ಚಿಕಿತ್ಸೆಯಾಗಿ ಇದನ್ನು ಕೊಡಲು ಆಧಾರ ಸಾಲದು ಅಂತ ಅವರು ಸ್ಪಷ್ಟವಾಗಿ ಬರೆದರು.

ಚಿಕ್ಕಮ್ಮನ ವಿಷಯ ಹೇಳಲೇಬೇಕು. ಪರಿಚಯದವರೊಬ್ಬರು ಮನೆಗೇ ತಂದು ಕೊಟ್ಟರು. ತಿಂಗಳಿಗೆ ಸಾವಿರಾರು ರೂಪಾಯಿ. ಡಾಕ್ಟರಿಗೆ ಹೇಳಬೇಡಿ, ಅವರಿಗೆ ಇದು ಇಷ್ಟ ಆಗಲ್ಲ ಅಂದರು. ಚಿಕ್ಕಮ್ಮ ಹೇಳಲಿಲ್ಲ. ಮೂರನೇ ಕಿಮೊಗೆ ಮೊದಲು ರಕ್ತ ಪರೀಕ್ಷೆಯಲ್ಲಿ ಲಿವರ್ ಎಂಜೈಮ್‌ಗಳು ಏರಿದ್ದವು. ಡಾಕ್ಟರು ಕಿಮೊ ಮುಂದೂಡಿದರು. ಕಾರಣ ಹುಡುಕಲು ಸ್ಕ್ಯಾನ್, ಮತ್ತೆ ಪರೀಕ್ಷೆ, ಮತ್ತೆ ಓಡಾಟ. ಹತ್ತು ದಿನ ಆದಮೇಲೆ ಚಿಕ್ಕಮ್ಮ ಅಳುತ್ತಾ ಕ್ಯಾಪ್ಸೂಲಿನ ಡಬ್ಬಿ ತೋರಿಸಿದರು. ಲಿವರ್ ಕೆಟ್ಟದ್ದು ಕಿಮೊದಿಂದಲೋ ಕ್ಯಾಪ್ಸೂಲಿನಿಂದಲೋ, ಯಾರಿಗೂ ಹೇಳಲು ಆಗಲಿಲ್ಲ. ಮೊದಲೇ ಗೊತ್ತಿದ್ದರೆ ಕ್ಯಾಪ್ಸೂಲ್ ನಿಲ್ಲಿಸಿ ನೋಡಬಹುದಿತ್ತು. ಆ ದಿನಗಳಲ್ಲಿ ಮನೆಯವರೆಲ್ಲ ಪಟ್ಟ ಹಿಂಸೆ ನನಗೆ ಇನ್ನೂ ನೆನಪಿದೆ. ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ.

ಸಕ್ಕರೆ ಕಾಯಿಲೆ, ಬಿಪಿಗೆ ರೀಶಿ ಒಳ್ಳೆಯದಂತಲ್ಲ?

2015ರಲ್ಲಿ ಕೊಕ್ರೇನ್ ಸಂಸ್ಥೆ ಇದನ್ನೂ ನೋಡಿದೆ. 5 ಪ್ರಯೋಗ, 398 ಜನ. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಯಾವುದರಲ್ಲೂ ಹೇಳಿಕೊಳ್ಳುವಂಥ ಲಾಭ ಇಲ್ಲ. ಮರುವರ್ಷ ಆಸ್ಟ್ರೇಲಿಯಾದಿಂದ ಇನ್ನೊಂದು ಪ್ರಯೋಗದ ಫಲ ಬಂತು. 84 ಜನರಲ್ಲಿ ಕೆಲವರಿಗೆ ದಿನಕ್ಕೆ 3 ಗ್ರಾಂ ರೀಶಿ, ಕೆಲವರಿಗೆ ಡಮ್ಮಿ ಮಾತ್ರೆ, 16 ವಾರ. ಎರಡಕ್ಕೂ ವ್ಯತ್ಯಾಸ ಇರಲಿಲ್ಲ. ನಿಮ್ಮ ಮೆಟ್‌ಫಾರ್ಮಿನ್ ಬಿಡಬೇಡಿ.

ಹಿಮಾಲಯದ 'ಕೀಡಾ ಜಡಿ' ಬಗ್ಗೆ ಏನು ಹೇಳುತ್ತೀರಿ? ಕಾರ್ಡಿಸೆಪ್ಸ್ ಅಂದರೆ ಅದೇನಾ?

ಹೆಸರಿನಲ್ಲಿ ಹೌದು, ಡಬ್ಬಿಯಲ್ಲಿ ಸಾಮಾನ್ಯವಾಗಿ ಅಲ್ಲ.

ಉತ್ತರಾಖಂಡದ ಪಿಥೋರಾಗಢ ಕಡೆಯ ಎತ್ತರದ ಹುಲ್ಲುಗಾವಲುಗಳಲ್ಲಿ, ನೇಪಾಳ, ಭೂತಾನ್, ಟಿಬೆಟ್‌ನಲ್ಲಿ ಒಂದು ಪತಂಗದ ಹುಳು ಮಣ್ಣಿನೊಳಗೆ ಬೇರು ತಿಂದು ಬದುಕುತ್ತದೆ. ಶಿಲೀಂಧ್ರ ಅದರ ಮೈಯೊಳಗೆ ಹೊಕ್ಕು ಕೊಂದು, ತಲೆಯಿಂದ ಕಡ್ಡಿಯಂತೆ ಮೇಲೆ ಏಳುತ್ತದೆ. ಹಿಮ ಕರಗುವ ಹೊತ್ತಿಗೆ ಊರಿನವರು ಮೊಣಕಾಲೂರಿ, ಹುಲ್ಲಿನ ನಡುವೆ ಒಂದೊಂದನ್ನೇ ಹುಡುಕಿ ಕೀಳುತ್ತಾರೆ. ಚಿನ್ನದಂತೆ ಬೆಲೆ. ಕಿತ್ತು ಕಿತ್ತು ಈಗ ಅದು ಕಡಿಮೆಯಾಗಿದೆ. 2020ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಿದರು.

ಅಂಗಡಿಯ ಕ್ಯಾಪ್ಸೂಲಿನಲ್ಲಿ ಇರುವುದು ಹೆಚ್ಚಾಗಿ ಕಾರ್ಡಿಸೆಪ್ಸ್ ಮಿಲಿಟಾರಿಸ್. ಅದು ಕಿತ್ತಳೆ ಬಣ್ಣದ ಇನ್ನೊಂದು ಜಾತಿ. ಅನ್ನದಂಥ ಮಾಧ್ಯಮದ ಮೇಲೆ ಬಾಟಲಿಯಲ್ಲೇ ಬೆಳೆಸಬಹುದು. ಕರ್ನಾಟಕದಲ್ಲೂ ಬೆಳೆಯುವವರಿದ್ದಾರೆ. ಇದರಲ್ಲಿರುವ ಕಾರ್ಡಿಸೆಪಿನ್ ಎಂಬ ವಸ್ತುವನ್ನು 1950ರ ಸುಮಾರಿಗೇ ಬೇರೆ ಮಾಡಿದ್ದಾರೆ. ಅದು ನಮ್ಮ ಜೀವಕೋಶದ ಅಡೆನೊಸಿನ್ ಥರವೇ ಕಾಣುತ್ತದೆ, ಒಂದು ಆಮ್ಲಜನಕ ಮಾತ್ರ ಕಡಿಮೆ. ಜೀವಕೋಶ ಅದನ್ನು ಅಡೆನೊಸಿನ್ ಅಂದುಕೊಂಡು, ಪ್ರೋಟೀನ್ ತಯಾರಿಸಲು ಬೇಕಾದ ಆರ್‌ಎನ್‌ಎ ಸರಪಳಿಗೆ ಸೇರಿಸಿದರೆ ಸರಪಳಿ ಅಲ್ಲೇ ನಿಲ್ಲುತ್ತದೆ. ಕ್ಯಾನ್ಸರ್ ಕೋಶವನ್ನು ತಡೆಯಲು ಇದು ಎಷ್ಟು ಚೆಂದದ ಉಪಾಯ ಅಲ್ವಾ? ಪಾಠ ಮಾಡುವಾಗ ನನಗೆ ತುಂಬಾ ಖುಷಿ ಕೊಡುವ ಉದಾಹರಣೆ ಇದು.

ತೊಂದರೆ ಏನೆಂದರೆ, ನಮ್ಮ ರಕ್ತದಲ್ಲಿರುವ ಒಂದು ಎಂಜೈಮ್ ಕಾರ್ಡಿಸೆಪಿನ್ ಅನ್ನು ನಿಮಿಷಗಳಲ್ಲಿ ಒಡೆದು ಹಾಕುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಅದಕ್ಕೊಂದು ರಕ್ಷಾಕವಚ ಜೋಡಿಸಿ ಎನ್‌ಯುಸಿ-7738 ಎಂಬ ಔಷಧ ಮಾಡಿ, ರೋಗಿಗಳಲ್ಲಿ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಆ ಕವಚ ನಿಮ್ಮ ಕ್ಯಾಪ್ಸೂಲಿನ ಪುಡಿಗೆ ಇರುವುದಿಲ್ಲ.

ಲಯನ್ಸ್ ಮೇನ್ ಅಣಬೆ ಮರೆವಿನ ಕಾಯಿಲೆಗೆ ಸಹಾಯ ಮಾಡುತ್ತದಾ?

ಇದು ಬಿಳಿ ಗಡ್ಡ ಇಳಿಬಿಟ್ಟಂತೆ ಕಾಣುವ ಅಣಬೆ. ಇದರ ಹೆರಿಸಿನೋನ್, ಎರಿನಸಿನ್ ಎಂಬ ವಸ್ತುಗಳು ನರಕೋಶ ಬೆಳೆಯಲು ಬೇಕಾದ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿವೆ. 2009ರಲ್ಲಿ ಜಪಾನಿನಲ್ಲಿ, ಸ್ವಲ್ಪ ಮರೆವು ಶುರುವಾಗಿದ್ದ 50ರಿಂದ 80 ವರ್ಷದ 30 ಜನರ ಮೇಲೆ ಪ್ರಯೋಗ ಮಾಡಿದರು. ದಿನಕ್ಕೆ ಸುಮಾರು 3 ಗ್ರಾಂ, 16 ವಾರ. ಡಮ್ಮಿ ಮಾತ್ರೆಯವರಿಗಿಂತ ಅಂಕ ಚೆನ್ನಾಗಿ ಬಂತು. ನಿಲ್ಲಿಸಿದ ನಾಲ್ಕು ವಾರಕ್ಕೆ ಮತ್ತೆ ಇಳಿಯಿತು.

30 ಜನ ತುಂಬಾ ಕಡಿಮೆ. ಆದರೂ ನಾನು ಆಸಕ್ತಿಯಿಂದ ಕಾಯುತ್ತಿರುವುದು ಈ ಅಣಬೆಯ ದೊಡ್ಡ ಪ್ರಯೋಗಗಳಿಗೆ. ಅಜ್ಜಿಗೆ ಅಲ್‌ಝೈಮರ್ ಇದ್ದರೆ ನರರೋಗ ತಜ್ಞರ ಔಷಧಿಯ ಬದಲಿಗೆ ಇದನ್ನು ಕೊಡುವಷ್ಟು ಪುರಾವೆ ಇಲ್ಲ.

'ಮ್ಯಾಜಿಕ್ ಮಶ್ರೂಮ್' ಖಿನ್ನತೆಗೆ ಔಷಧವಂತೆ?

ಅದರಲ್ಲಿರುವ ಸಿಲೊಸೈಬಿನ್ ಬಗ್ಗೆ ಗಂಭೀರ ಸಂಶೋಧನೆ ನಡೆಯುತ್ತಿದೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಯ 233 ಜನರಿದ್ದರು. 25 ಮಿಲಿಗ್ರಾಂ ಒಂದೇ ಸಲ ತೆಗೆದುಕೊಂಡವರಲ್ಲಿ ಮೂರು ವಾರದ ಹೊತ್ತಿಗೆ ಖಿನ್ನತೆ ಹೆಚ್ಚು ಇಳಿದಿತ್ತು. ಔಷಧದ ಅಮಲು ಇರುವಷ್ಟೂ ಹೊತ್ತು ತರಬೇತಿ ಪಡೆದವರು ಪಕ್ಕದಲ್ಲೇ ಕೂತಿದ್ದರು. ಕೆಲವರಿಗೆ ಆತ್ಮಹತ್ಯೆಯ ಯೋಚನೆಯೂ ಬಂತು. ಭಾರತದಲ್ಲಿ ಇದು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಕೊಡೈಕೆನಾಲ್‌ಗೆ ಹೋಗಿ ಯಾರೋ ಕೊಟ್ಟದ್ದನ್ನು ತಿನ್ನುವುದಕ್ಕೂ ಈ ಚಿಕಿತ್ಸೆಗೂ ಸಂಬಂಧ ಇಲ್ಲ. ಖಿನ್ನತೆ ಇದ್ದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಾಗಿಲ್ಲ.

ಅಣಬೆ ಅಲ್ವಾ, ತಿಂದರೆ ತೊಂದರೆ ಏನಿದೆ?

ಪಲ್ಯ ಮಾಡಿ ತಿನ್ನುವುದಕ್ಕೂ, ಗಟ್ಟಿ ಮಾಡಿದ ಪುಡಿಯನ್ನು ತಿಂಗಳುಗಟ್ಟಲೆ ನುಂಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ರೀಶಿ ಪುಡಿ ತೆಗೆದುಕೊಂಡು ಲಿವರ್ ಕೆಟ್ಟವರ ವರದಿ ಹಾಂಕಾಂಗ್ ಮತ್ತು ಥಾಯ್ಲೆಂಡ್‌ನ ಡಾಕ್ಟರುಗಳಿಂದ ಬಂದಿದೆ. ಒಬ್ಬರು ತೀರಿಕೊಂಡಿದ್ದಾರೆ. ಚಾಗಾ ಎಂಬ ಇನ್ನೊಂದು ಅಣಬೆಯಲ್ಲಿ ಆಕ್ಸಲೇಟ್ ಜಾಸ್ತಿ. ಜಪಾನಿನ 72 ವರ್ಷದ ಒಬ್ಬ ಮಹಿಳೆ ಲಿವರ್ ಕ್ಯಾನ್ಸರ್‌ಗೆ ಅಂತ ಆರು ತಿಂಗಳು ದಿನಾ ನಾಲ್ಕೈದು ಚಮಚ ಚಾಗಾ ಪುಡಿ ತೆಗೆದುಕೊಂಡರು. ಆಕ್ಸಲೇಟ್ ಹರಳು ತುಂಬಿ ಕಿಡ್ನಿ ಕೈಕೊಟ್ಟಿತು, ಡಯಾಲಿಸಿಸ್‌ಗೆ ಹೋಗಬೇಕಾಯಿತು. ಕಿಡ್ನಿ ಕಲ್ಲು ಬಂದಿದ್ದವರು ಇದರ ಹತ್ತಿರವೂ ಹೋಗಬೇಡಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ದಿನ ಗೊತ್ತಾಗಿರುವವರು ರೀಶಿ ಬಿಡುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟುವುದನ್ನು ಅದು ನಿಧಾನ ಮಾಡಬಹುದು. ಅಂಗಾಂಗ ಕಸಿ ಆದವರಂತೂ ಇಮ್ಯುನಿಟಿ ಹೆಚ್ಚಿಸುವ ಯಾವುದನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವರ ಇಮ್ಯುನಿಟಿಯನ್ನು ತಗ್ಗಿಸಲೆಂದೇ ದಿನಾ ಮಾತ್ರೆ ಕೊಡುತ್ತಿರುತ್ತಾರೆ. ಹೊಸ ಕಿಡ್ನಿ ಉಳಿಯುವುದು ಅದರಿಂದ. ಗರ್ಭಿಣಿಯರು, ಹಾಲುಣಿಸುವ ತಾಯಂದಿರೂ ದೂರ ಇರಲಿ.

ಆದರೂ ತೆಗೆದುಕೊಳ್ಳಬೇಕು ಅಂತ ಮನಸ್ಸಿದೆ. ಡಬ್ಬಿಯಲ್ಲಿ ಏನು ನೋಡಬೇಕು?

ಮೊದಲು ಅದು ಅಣಬೆಯೇ ಹೌದಾ ಅಂತ. ಅಮೆರಿಕದಲ್ಲಿ 19 ರೀಶಿ ಸಪ್ಲಿಮೆಂಟ್‌ಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಬಲ್‌ನಲ್ಲಿ ಬರೆದಂತೆ ಇದ್ದದ್ದು ಐದೇ ಐದು. ಅಣಬೆ ಬೆಳೆಯುವವರಿಗೆ ಇದರ ಗುಟ್ಟು ಅರ್ಥವಾಗುತ್ತದೆ. ಧಾನ್ಯದ ಮೇಲೆ ಮೈಸೀಲಿಯಂ, ಅಂದರೆ ಅಣಬೆಯ ಬೇರಿನಂಥ ಬಿಳಿ ಎಳೆಗಳನ್ನು ಬೆಳೆಸಿ, ಧಾನ್ಯದ ಸಮೇತ ಒಣಗಿಸಿ ಪುಡಿ ಮಾಡಿದರೆ ಅದರಲ್ಲಿ ಅರ್ಧ ಪಿಷ್ಟವೇ ಇರಬಹುದು. ಕೊಡೆಯಂತೆ ಬೆಳೆದ ಅಣಬೆಯದಾ, ಮೈಸೀಲಿಯಂನದಾ, ಬೀಟಾ-ಗ್ಲೂಕನ್ ನೂರಕ್ಕೆ ಎಷ್ಟು, ಇಷ್ಟನ್ನಾದರೂ ಬರೆದಿರಬೇಕು. ಬರೀ 'ಪಾಲಿಸ್ಯಾಕರೈಡ್' (ಸಕ್ಕರೆ ಕಣಗಳ ಸರಪಳಿ) ಅಂತ ಬರೆದಿದ್ದರೆ ಪಿಷ್ಟವೂ ಆ ಲೆಕ್ಕದಲ್ಲಿ ಸೇರಿರುತ್ತದೆ.

14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಂಬರ್ ಇದ್ದರೆ ಅದು ಆಹಾರ ಅಂತ ಪರವಾನಗಿ ಪಡೆದದ್ದು. ಔಷಧ ಅಂತ ಸರ್ಕಾರ ಒಪ್ಪಿದೆ ಎಂದು ಅದರ ಅರ್ಥ ಅಲ್ಲ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಯಾರಾದರೂ ಹಾಗೆ ಹೇಳಿ ಮಾರಲು ಬಂದರೆ ಅಲ್ಲೇ ಮಾತು ನಿಲ್ಲಿಸಿ.

ನಮ್ಮ ತೋಟದ ಅಡಿಕೆ ಮರದ ಬುಡದಲ್ಲಿ ಹೊಳೆಯುವ ಕೆಂಪು ಅಣಬೆ ಬಂದಿದೆ. ಇದು ರೀಶಿಯಾ? ಮಾರಬಹುದಾ?

ನಮ್ಮ ಕಡೆಯಿಂದ ವರ್ಷಕ್ಕೆ ಎರಡು ಮೂರು ಸಲವಾದರೂ ಫೋಟೊ ಬರುತ್ತದೆ. ಅದು ಗ್ಯಾನೊಡರ್ಮಾ ಬಳಗದ್ದೇ. ಆದರೆ ತೋಟದವರಿಗೆ ಅದು ಕೆಟ್ಟ ಸುದ್ದಿ. ನಮ್ಮ ಹಿರಿಯರು ಅಣಬೆ ರೋಗ ಅನ್ನುತ್ತಿದ್ದದ್ದು ಇದನ್ನೇ. ಸೋಗೆ ಹಳದಿಯಾಗಿ ಜೋತು ಬೀಳುತ್ತದೆ, ಕಾಂಡದ ಬುಡದಲ್ಲಿ ಕಂದು ರಸ ಸೋರುತ್ತದೆ, ಅಣಬೆ ಏಳುವ ಹೊತ್ತಿಗೆ ಮರದ ಬೇರು ಕೊಳೆತಿರುತ್ತದೆ. ತೆಂಗಿಗೂ ಬರುತ್ತದೆ.

ಅದನ್ನು ಕಷಾಯ ಮಾಡಿ ಕುಡಿಯಬೇಡಿ. ಚೀನಾದಲ್ಲಿ ಬೆಳೆಸುವ ಲಿಂಗ್‌ಝಿ ಬೇರೆ ಜಾತಿ, ಕಣ್ಣಿನಿಂದ ನೋಡಿ ವ್ಯತ್ಯಾಸ ಹೇಳುವುದು ಕಷ್ಟ. ತೋಟಕ್ಕೆ ಹೊಡೆದ, ಬೇರಿಗೆ ಕುಡಿಸಿದ ಔಷಧಿಯ ಅಂಶವೂ ಅದರಲ್ಲಿರಬಹುದು. ಅಣಬೆ ಕಿತ್ತು ಸುಟ್ಟು, ಆ ಮರದ ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರೆ ಮಾಡಿ. ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.

ಮನೆಯಲ್ಲಿ ದಿನಾ ಅಡುಗೆಗೆ ಹಾಕುವ ಅಣಬೆಯಿಂದ ಏನಾದರೂ ಲಾಭ ಇದೆಯಾ?

ಖಂಡಿತ ಇದೆ, ಅದೂ ಕಡಿಮೆ ಖರ್ಚಿನಲ್ಲಿ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತು ಇದೆ. ಬಿಸಿಲು ಬಿದ್ದರೆ ಅದು ವಿಟಮಿನ್ ಡಿ2 ಆಗುತ್ತದೆ. ಮಾಂಸ, ಮೊಟ್ಟೆ, ಮೀನು ತಿನ್ನದವರಿಗೆ ಇದು ಒಳ್ಳೆಯ ದಾರಿ. ಬಟನ್ ಅಥವಾ ಚಿಪ್ಪು ಅಣಬೆಯನ್ನು ಹೋಳು ಮಾಡಿ ಮಧ್ಯಾಹ್ನದ ಬಿಸಿಲಿಗೆ ತಟ್ಟೆಯಲ್ಲಿ ಹರಡಿ. ಕಿಟಕಿ ಗಾಜಿನ ಒಳಗೆ ಇಟ್ಟರೆ ಪ್ರಯೋಜನ ಇಲ್ಲ, ಹೊರಗೇ ಇಡಬೇಕು. ಕಾಲು ಗಂಟೆಯಿಂದ ಎರಡು ಗಂಟೆಯೊಳಗೆ 100 ಗ್ರಾಂ ಅಣಬೆಯಲ್ಲಿ 10 ಮೈಕ್ರೋಗ್ರಾಂಗಿಂತ ಜಾಸ್ತಿ ಡಿ2 ಆಗಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 15 ಮೈಕ್ರೋಗ್ರಾಂ. ನಮ್ಮ ಮನೆಯಲ್ಲಿ ಹಪ್ಪಳ ಒಣಗಿಸುವ ಚಾಪೆಯ ಮೂಲೆಯಲ್ಲೇ ಇದನ್ನೂ ಇಡುತ್ತೇವೆ.

ಎರ್ಗೊಥಿಯೊನೈನ್ ಎಂಬ ಇನ್ನೊಂದು ವಸ್ತು ನನ್ನನ್ನು ತುಂಬಾ ಕಾಡುತ್ತದೆ. ನಮ್ಮ ದೇಹ ಅದನ್ನು ತಯಾರಿಸಲಾರದು. ಆದರೆ ಊಟದಿಂದ ಬಂದದ್ದನ್ನು ಹಿಡಿದು ಒಳಗೆ ಸೇರಿಸಿಕೊಳ್ಳಲು ಜೀವಕೋಶಗಳಲ್ಲಿ ಅದಕ್ಕೆಂದೇ ಒಂದು ಬಾಗಿಲಿದೆ. 2005ರಲ್ಲಿ ಇದು ಗೊತ್ತಾಯಿತು. ಬೇಡದ ವಸ್ತುವಿಗೆ ದೇಹ ಬಾಗಿಲು ಇಟ್ಟುಕೊಳ್ಳುತ್ತದಾ? ಊಟದಲ್ಲಿ ಅದು ಹೇರಳವಾಗಿ ಸಿಗುವುದು ಅಣಬೆಯಿಂದ.

ಅಣಬೆಯನ್ನು ಹಸಿಯಾಗಿ ತಿನ್ನಬೇಡಿ. ಬೇಯಿಸಿದರೆ ಜೀರ್ಣವೂ ಆಗುತ್ತದೆ, ಬಟನ್ ಅಣಬೆಯಲ್ಲಿರುವ ಅಗಾರಿಟಿನ್ ಎಂಬ ಬೇಡದ ವಸ್ತುವೂ ಕಡಿಮೆಯಾಗುತ್ತದೆ. ಮನೆಯಲ್ಲೇ ಬೆಳೆಯುವ ಆಸೆ ಇದ್ದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಮತ್ತು ತರಬೇತಿ ಸಿಗುತ್ತದೆ.

ಮಳೆಗಾಲದಲ್ಲಿ ಕಾಡಿನಲ್ಲಿ ಸಿಗುವ ಅಣಬೆಗೆ ಔಷಧಿ ಗುಣ ಜಾಸ್ತಿ ಅಂತಾರೆ. ತಿನ್ನಬಹುದಾ?

ಮೊದಲ ಗುಡುಗಿಗೆ ಏಳುವ ಹುತ್ತದ ಅಣಬೆ, ಕರಾವಳಿಯ ಕಲ್ಲಣಬೆ ನನಗೂ ಇಷ್ಟ. ಆದರೆ ತಲೆಮಾರಿನಿಂದ ಕಿತ್ತು ತಂದವರು ಗುರುತಿಸಿ ಕೊಟ್ಟರೆ ಮಾತ್ರ ತಿನ್ನುತ್ತೇನೆ. ಫೋಟೊ ನೋಡಿ ಇದು ತಿನ್ನಬಹುದು ಅಂತ ನಾನು ಯಾರಿಗೂ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಜನ ತೀರಿಕೊಂಡರು. ಹೆಚ್ಚಿನವರು ಟೀ ತೋಟದ ಕಡೆಯವರು. ಕೊಲ್ಲುವ ಅಣಬೆಗಳಲ್ಲಿ ಇರುವ ಅಮಾಟಾಕ್ಸಿನ್ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ಮನುಷ್ಯನೂ ತಿನ್ನಬಹುದು ಅನ್ನುವ ಪರೀಕ್ಷೆಗಳೆಲ್ಲ ಸುಳ್ಳು.

ತಿಂದು ಆರರಿಂದ ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಎರಡನೇ ದಿನ ಕಡಿಮೆಯಾಗಿ, ಸದ್ಯ ಪಾರಾದೆವು ಅನ್ನಿಸುತ್ತದೆ. ಆ ಹೊತ್ತಿಗೆ ಲಿವರ್ ಸಾಯುತ್ತಿರುತ್ತದೆ. ಆದ್ದರಿಂದ ವಾಂತಿ ನಿಂತಿತು ಅಂತ ಮನೆಯಲ್ಲಿ ಉಳಿಯಬೇಡಿ. ಊಟಕ್ಕೆ ಕೂತ ಎಲ್ಲರನ್ನೂ, ಚೆನ್ನಾಗಿರುವವರನ್ನೂ ಸೇರಿಸಿ, ಲಿವರ್ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅಣಬೆ ಇದ್ದರೆ, ಬೇಯಿಸಿದ್ದಾದರೂ ಸರಿ, ಕಾಗದದಲ್ಲಿ ಸುತ್ತಿ ಜೊತೆಗೆ ಕೊಂಡೊಯ್ಯಿರಿ. ಎಷ್ಟು ಗಂಟೆಗೆ ತಿಂದಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.